ಕಂಬವಿಲ್ಲದ ಮಾಡೆಲ್

ಈವತ್ತು ಬೆಳಿಗ್ಗೆ ಮಂಡ್ಯದ ನನ್ನ ಆಫೀಸಿನಲ್ಲಿ ಗೋಂದಿನ ಡಬ್ಬಿಯ ಮುಚ್ಚಳ ತೆಗೆದೆ. ಆ ವಾಸನೆ ಮೂಗಿಗೆ ಬಡಿದರೆ ಸಾಕು, ನನಗೆ ಭಯವಾಗುತ್ತದೆ. ನಗಬೇಡಿ. ಕಟ್ಟಡಗಳ ನಕ್ಷೆ ಬರೆದು, ರಟ್ಟಿನಲ್ಲಿ ಅವುಗಳ ಮಾಡೆಲ್ ಅಂಟಿಸಿ ಹೊಟ್ಟೆ ಹೊರೆಯುವವನು ಗೋಂದಿಗೆ ಹೆದರುವುದೆಂದರೆ, ಅಡುಗೆಯವನು ಒಗ್ಗರಣೆಗೆ ಹೆದರಿದ ಹಾಗೆ. ಆದರೂ ಹೆದರುತ್ತೇನೆ.

ನಕ್ಷೆಯನ್ನು ಯಾರೂ ನೋಡುವುದಿಲ್ಲ, ನೋಡಿದಂತೆ ತಲೆಯಾಡಿಸುತ್ತಾರೆ ಅಷ್ಟೆ. ಮಾಡೆಲ್ ಮುಂದಿಟ್ಟರೆ ಮಾತ್ರ ಬಾಗಿಲೊಳಗೆ ಬೆರಳು ತೂರಿಸಿ, “ಅಡ್ಗೆಮನೆ ಎಲ್ಲಪ್ಪಾ?” ಎನ್ನುತ್ತಾರೆ. ಮದ್ದೂರಿನ ಹತ್ತಿರದ ಹಳ್ಳಿಯೊಂದರ ಕಲ್ಯಾಣಮಂಟಪಕ್ಕೆ ನಾನು ಮಾಡಿದ ಮಾಡೆಲ್ ಬಲು ಸೊಗಸಾಗಿತ್ತು. ಒಳಗೊಂದು ಬಾಲ್ಕನಿ, ಅದನ್ನು ಹೊರಲು ಎರಡು ಕಂಬ. ಕಂಬಗಳು ಧಾರೆಮಂಟಪವನ್ನು ಮರೆಮಾಡುತ್ತಿದ್ದವು. ಊರವರಿಗೆ ಒಳಗೆಲ್ಲ ಕಾಣಲಿ ಎಂದು ಎರಡನ್ನೂ ಕಿತ್ತುಹಾಕಿದೆ. ನಕ್ಷೆಯಲ್ಲಿ ಹೇಗೂ ಇದ್ದವಲ್ಲ!

ಮೇಸ್ತ್ರಿ ಚಿಕ್ಕಣ್ಣನಿಗೆ ಮಾಡೆಲ್ ಎಷ್ಟು ಹಿಡಿಸಿತೆಂದರೆ, ನಕ್ಷೆ ಸುತ್ತಿಟ್ಟು ಅದನ್ನೇ ಕೆಲಸದ ಜಾಗಕ್ಕೆ ಹೊತ್ತುಕೊಂಡು ಹೋದ. ಪಾಯ ಗುರುತು ಹಾಕುವ ದಿನ ನಾನು ಹೋಗಬೇಕಿತ್ತು. ಮಳವಳ್ಳಿಯಲ್ಲಿ ಇನ್ನೊಂದು ಕೆಲಸ ಸಿಕ್ಕಿತ್ತು, ಹೋಗಲಿಲ್ಲ. ಆಮೇಲೂ ಹೋಗಲಿಲ್ಲ. ನನ್ನ ಸೋಮಾರಿತನಕ್ಕೆ ಬೇರೆ ಹೆಸರು ಕೊಡುವುದಿಲ್ಲ.

ಅಲ್ಲಿ ನಡೆದ ಮೊದಲ ಮದುವೆಗೆ ನನ್ನನ್ನೂ ಕರೆದಿದ್ದರು. ನಾನು ಒಳಗೆ ಕಾಲಿಟ್ಟಾಗ ಧಾರೆ ಶುರುವಾಗುವುದರಲ್ಲಿತ್ತು. ಬಾಲ್ಕನಿ ತುಂಬ ಜನ. ನಡುವೆ ಹೊಸ ಪಂಚೆಯುಟ್ಟ ಚಿಕ್ಕಣ್ಣ, ಪಕ್ಕದಲ್ಲಿ ಅವನ ಹೆಂಡತಿ.

“ಸಾ, ನೋಡಿ! ನಿಮ್ ಮಾಡ್ಲು ಎಂಗಿತ್ತೋ ಅಂಗೇ ಕಟ್ಟಿವ್ನಿ. ಕಡ್ಡಿ ಇಟ್ಟು ಅಳ್ದಿವ್ನಿ!”

ಅವನ ಕೆಳಗೆ ಕಂಬಗಳಿರಲಿಲ್ಲ. ಬಾಲ್ಕನಿ ಗೋಡೆ ಸೇರುವ ಕಡೆ ಕೂದಲೆಳೆಯಷ್ಟು ಬಿರುಕು. ಕೂಗಿಕೊಂಡರೆ ಎಲ್ಲರೂ ಒಟ್ಟಿಗೆ ಓಡುತ್ತಾರೆ, ಆ ಓಟಕ್ಕೇ ಅದು ಕುಸಿಯಬಹುದು. ಸುಮ್ಮನಿದ್ದರೆ? ಪುರೋಹಿತರ ಮುಂದಿದ್ದ ಮೈಕು ಕಿತ್ತುಕೊಂಡೆ. “ಬಾಲ್ಕನಿಯಲ್ಲಿರೋರು ಮೊದಲು ಧಾರೆ ಎರೀಬೇಕಂತೆ. ನಿಧಾನವಾಗಿ ಒಬ್ಬೊಬ್ಬರೇ ಇಳಿದು ಬನ್ನಿ. ಬಾಲ್ಕನಿ ಕೆಳಗೆ ಕೂತಿರೋರು ಕುರ್ಚಿ ಮುಂದಕ್ಕೆ ಎಳ್ಕೊಳ್ಳಿ, ದಾರಿ ಬಿಡಿ.”

ಗಂಡುಹೆಣ್ಣಿನ ಕೈಮೇಲೆ ಹಾಲೆರೆಯುವುದು ನಮ್ಮ ಕಡೆ ಬಂದವರೆಲ್ಲರ ಹಕ್ಕು. ಆದರೆ ಹೆತ್ತವರು, ಸೋದರಮಾವ ಎರೆದ ಮೇಲೆ. ಹೆಣ್ಣಿನ ಸೋದರಮಾವ ನನ್ನ ಮೇಲೆ ಹಾರಿಬಿದ್ದ. “ಯಾವೂರ್ ಪದ್ದತಿ ಇದು? ಸೋದರಮಾವ ನಾನಿನ್ನೂ ಬದ್ಕಿವ್ನಿ ಕಣಯ್ಯ!” ಬೈಸಿಕೊಂಡು ನಿಂತೆ. ಜನ ಗೊಣಗುತ್ತ ಇಳಿದರು, ಚಿಕ್ಕಣ್ಣನ ಹೆಂಡತಿಯೂ ಇಳಿದಳು.

ಚಿಕ್ಕಣ್ಣ ಮಾತ್ರ ಇಳಿಯಲಿಲ್ಲ. “ಕಟ್ಟಿದೋನು ನಾನು, ಕೊನೇಗ್ ಬತ್ತೀನಿ ಬುಡಿ” ಎಂದು ಬಾಲ್ಕನಿ ಅಂಚಿನ ಕಂಬಿಗೆ ಒರಗಿದ. ನಾನೇ ಮೆಟ್ಟಿಲು ಹತ್ತಿದೆ. ನಾನೇ ನಕ್ಷೆ ಬರೆದ ಬಾಲ್ಕನಿಗೆ ಕಾಲಿಡಲು ನನ್ನಿಂದಾಗಲಿಲ್ಲ. ಬಾಗಿಲಲ್ಲೇ ನಿಂತು ಹೇಳಿದೆ, “ಚಿಕ್ಕಣ್ಣ, ಕೆಳಗೆ ಕಂಬ ಇರಬೇಕಿತ್ತು. ಒಳಗೆ ಕಾಣ್ಲಿ ಅಂತ ಮಾಡೆಲ್‌ನಲ್ಲಿ ನಾನೇ ತೆಗೆದಿದ್ದೆ. ಮೆಲ್ಲಗೆ ಬಾ.”

ಅವನು ಕಂಬಿಯಿಂದ ಕೈ ತೆಗೆದ. ತನ್ನ ಪಾದಗಳನ್ನೇ ನೋಡಿದ.

“ನನ್ನೆಂಡ್ರುನ್ನ ಇಲ್ಲೇ ನಿಲ್ಸಿದ್ನಲ್ಲಾ ಸಾ.”

ನಾನು ಚಾಚಿದ ಕೈಯನ್ನು ಹಿಡಿದು ಈಚೆ ಬಂದ. ಬಾಲ್ಕನಿಯ ಬಾಗಿಲಿಗೆ ಬೀಗ ಹಾಕಿಸಿ, ಮದುವೆ ಮುಗಿದ ಮೇಲೆ ಊರವರ ಮುಂದೆ ತಪ್ಪು ನನ್ನದೆಂದು ಒಪ್ಪಿಕೊಂಡೆ. ಕಂಬಗಳೂ ಎದ್ದವು. ಈಗಲೂ ಅಲ್ಲಿ ಮದುವೆಗಳಾಗುತ್ತವೆ. ನಾನು ಹೋಗುವುದಿಲ್ಲ.

ಈವತ್ತು ಮಧ್ಯಾಹ್ನ ಶಾಲೆ ಕಟ್ಟಿಸುವವರು ಹೊಸ ಮಾಡೆಲ್ ನೋಡಲು ಬಂದರು. ಹಿರಿಯರೊಬ್ಬರು, “ಈ ಕಂಬ ಅಡ್ಡ ಬತ್ತವೆ ಕಣ್ರೀ, ತೆಗ್ದಾಕಿ, ಒಳ್ಗೆಲ್ಲ ಕಾಣ್ಲಿ” ಎಂದರು.

“ಅಡ್ಡ ಇರಲಿ ಸ್ವಾಮಿ,” ಎಂದೆ, “ನೀವೇ ವಸಿ ಬಗ್ಗಿ ನೋಡಿ.”