ಶಾಂತಿ ಜಾಥಾದಲ್ಲಿ ತಪ್ಪಿದ ಘೋಷಣೆ

ಹತ್ತನೇ ತರಗತಿಯಲ್ಲಿದ್ದಾಗ ನನ್ನ ಗಂಟಲು ಮೂಡಿಗೆರೆಗೆಲ್ಲ ಪ್ರಸಿದ್ಧ ಎಂದು ನಾನೇ ನಂಬಿಕೊಂಡಿದ್ದೆ. ಶಾಂತಿ ಜಾಥಾದಲ್ಲಿ ಘೋಷಣೆ ಕೂಗುವ ಕೆಲಸವನ್ನು ಪಿ.ಟಿ. ಮೇಷ್ಟ್ರು ನನಗೇ ಕೊಟ್ಟ ದಿನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಜಾಥಾಕ್ಕೆ ಕಾರಣ, ಬಸ್ ಸ್ಟ್ಯಾಂಡಿನ ಮುಂದೆ ಗಾಡಿ ನಿಲ್ಲಿಸುವ ಜಾಗಕ್ಕಾಗಿ ಜೀಪಿನವರಿಗೂ ಆಟೋದವರಿಗೂ ಎದ್ದ ಜಗಳ. ಅದು ಹೊಡೆದಾಟಕ್ಕೆ ಹೋಗಿ ಎರಡು ದಿನ ಅಂಗಡಿಗಳೂ ಬಾಗಿಲು ಹಾಕಿದ್ದವು. ನನ್ನಪ್ಪ ಎಸ್ಟೇಟುಗಳಿಗೆ ಜೀಪು ಓಡಿಸುವವರು. ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳತಿಯ ಅಪ್ಪ ಆಟೋದವರು. ಜಗಳದ ಮರುದಿನವೇ ಅವಳು ಹಿಂದಿನ ಬೆಂಚಿಗೆ ಹೋದಳು. ಎಂಟು ದಿನ ಒಂದು ಮಾತಿಲ್ಲ. ಸುಳ್ಳೇಕೆ ಹೇಳಲಿ, ನನಗೆ ಊರಿನ ಶಾಂತಿಗಿಂತ ಅವಳ ಮಾತು ಬೇಕಾಗಿತ್ತು.

ಬ್ಯಾನರಿನ ಒಂದು ಕೋಲು ಹಿಡಿದು ನಾನು ಎಲ್ಲರಿಗಿಂತ ಮುಂದೆ. ಅವಳು ಎಲ್ಲೋ ಕೊನೆಯ ಸಾಲಿನಲ್ಲಿ. ನಾನು ‘ಬೇಕೇ ಬೇಕು’ ಎಂದರೆ ಉಳಿದವರು ‘ಶಾಂತಿ ಬೇಕು’ ಎನ್ನಬೇಕೆಂದು ಮೇಷ್ಟ್ರು ಬೆಳಿಗ್ಗೆಯೇ ಕಲಿಸಿದ್ದರು. ಅಂಗಡಿಯವರು ಹೊರಗೆ ಬಂದು ನೋಡುತ್ತಿದ್ದಂತೆ ನನಗೆ ಮೈಯೆಲ್ಲ ಜುಮ್ಮೆನ್ನುತ್ತಿತ್ತು. ಆಟೋ ಸ್ಟ್ಯಾಂಡ್ ಬಂತು. ಎದೆ ತುಂಬ ಉಸಿರೆಳೆದು ‘ಬೇಕೇ ಬೇಕು!’ ಎಂದೆ. ತಾಲ್ಲೂಕು ಕಚೇರಿ ಮುಂದಿನ ಧರಣಿಗಳನ್ನು ಕೇಳಿ ಕೇಳಿ ಬೆಳೆದವರಲ್ಲವೇ ನಾವು, ಆ ಹುಮ್ಮಸ್ಸಿನಲ್ಲಿ ಇಡೀ ಶಾಲೆ ‘ನ್ಯಾಯ ಬೇಕು!’ ಎಂದುಬಿಟ್ಟಿತು.

ನಮ್ಮ ಕಡೆ ಜಗಳಕ್ಕೂ ನ್ಯಾಯ ಎಂದೇ ಹೇಳುತ್ತಾರೆ. ಆಟೋದವರೆಲ್ಲ ಎದ್ದು ನಿಂತರು. ಗೆಳತಿಯ ಅಪ್ಪ ನೇರ ನನ್ನೆದುರಿಗೆ ಬಂದರು.

“ಎಂಟು ದಿನದಿಂದ ಮಾಡಿದ ನ್ಯಾಯ ಸಾಲ್ದಾ? ಜೀಪಿನೋರು ಈಗ ಮಕ್ಕಳನ್ನ ಕಳಿಸಿದ್ರಾ?” ಎಂದರು.

ಕೋಲು ಹಿಡಿದುಕೊಂಡೇ ಎರಡು ಹೆಜ್ಜೆ ಹಿಂದೆ ಸರಿದೆ. ಎಲ್ಲ ಕೆಟ್ಟಿತು, ಇನ್ನು ಅವಳು ಈ ಜನ್ಮದಲ್ಲಿ ನನ್ನ ಜೊತೆ ಮಾತಾಡುವುದಿಲ್ಲ ಎಂದುಕೊಂಡೆ. ಅಳು ಬಂತು.

ಅಷ್ಟರಲ್ಲಿ ಹಿಂದಿನಿಂದ ಒಂದೇ ಒಂದು ಸಣ್ಣ ದನಿ ‘ಶಾಂತಿ ಬೇಕು’ ಎಂದಿತು. ಅವಳೇ! ಸಾಲುಗಳ ನಡುವೆ ದಾರಿ ಮಾಡಿಕೊಂಡು ಓಡಿ ಬಂದು, ಅದು ಬಾಯಿತಪ್ಪಿ ಬಂದ ಮಾತೆಂದು ಅಪ್ಪನಿಗೆ ಹೇಳಿದಳು. ಅವರು ಮಗಳನ್ನು ನೋಡಿದರು, ಕಣ್ಣೀರು ತುಂಬಿಕೊಂಡು ನಿಂತಿದ್ದ ನನ್ನನ್ನು ನೋಡಿದರು. ನಗು ಬಂದಿರಬೇಕು, ಮುಖ ಆಚೆ ತಿರುಗಿಸಿ ಪಕ್ಕಕ್ಕೆ ಸರಿದರು.

ಅವಳು ಬ್ಯಾನರಿನ ಇನ್ನೊಂದು ಕೋಲು ಇಸಿದುಕೊಂಡಳು.

“ನೀ ಬೇಕು ಅಂತ ಕೂಗು ಮಾರಾಯ್ತಿ, ಎಂತ ಬೇಕು ಅಂತ ನಾ ಹೇಳ್ತೀನಿ,” ಎಂದಳು.

ನನಗೆ ಬೇಕಾದದ್ದು ಅಲ್ಲೇ ಸಿಕ್ಕಿಬಿಟ್ಟಿತ್ತು. ಆದರೂ ಕೂಗಿದೆ.