ಬೆಂಚಿಗೆ ನೀರು ಹಾಕುವ ಊರು

ಹೋದ ವಾರ ಸಂಜೆ ನಮ್ಮ ಪೇಟೆಯ ಬಸ್ ಸ್ಟ್ಯಾಂಡಲ್ಲಿ ನಿಂತಿದ್ದೆ. ಮೂಡಿಗೆರೆ ಬಸ್ಸಿಗೆ ಹೆಂಡತಿ ಬರುವುದಿತ್ತು. ಅಷ್ಟರಲ್ಲಿ ಒಬ್ಬ ಬಕೆಟ್ ಹಿಡಿದು ಬಂದ. ಅಲ್ಲಿದ್ದ ಕಲ್ಲು ಬೆಂಚುಗಳ ಮೇಲೆಲ್ಲ ನೀರು ಸುರಿದ. ಪರವಾಗಿಲ್ಲ, ನಮ್ಮೂರೂ ಕ್ಲೀನ್ ಆಗ್ತಾ ಇದೆ ಅಂತ ಖುಷಿಪಟ್ಟೆ. ಆದರೆ ಪೊರಕೆ ಎಲ್ಲಿ? ಒರೆಸುವ ಬಟ್ಟೆ ಎಲ್ಲಿ? ಆಸಾಮಿ ನೀರು ಸುರಿದು ಹೊರಟೇಬಿಟ್ಟ.

"ಎಂತಕ್ಕೆ ಮಾರಾಯ ಇದು?" ಅಂದೆ.

"ಒಣಗಿದ್ರೆ ಮಲಗ್ತಾರೆ ಸರ್. ದಿನಾ ಸಂಜೆ ಹಾಕ್ಬೇಕು ಅಂತ ಹೇಳಿದ್ದಾರೆ."

ಹೇಳಿದ್ದು ಯಾರು? ಅವನಿಗೂ ಗೊತ್ತಿಲ್ಲ. (ಇಂಥ ಆರ್ಡರ್‌ಗಳಿಗೆ ನಮ್ಮಲ್ಲಿ ಅಪ್ಪ ಅಮ್ಮ ಇರೋದಿಲ್ಲ.)

ಮಲಗೋರು ಯಾರು ಅಂತ ಸುತ್ತ ನೋಡಿದರೆ ಕಂಬಕ್ಕೆ ಒರಗಿ ಒಬ್ಬ ವಯಸ್ಸಾದ ಹೆಂಗಸು ನಿಂತಿದ್ದರು. ಕಂಕುಳಲ್ಲಿ ಕಂಬಳಿ ಗಂಟು. ಹೆಸರು ಗಿರಿಜಮ್ಮ. ಹಗಲು ಪಕ್ಕದ ಹೋಟೆಲಲ್ಲಿ ಪಾತ್ರೆ ತೊಳೀತಾರೆ. ರಾತ್ರಿ ಈ ಬೆಂಚು.

"ಒಣಗೋವರೆಗೆ ನಿಂತಿರ್ತೀನಿ ಅಣ್ಣ. ಈ ಥಂಡಿಗೆ ಬೇಗ ಒಣಗೋದೂ ಇಲ್ಲ" ಅಂದರು. ದೂರು ಹೇಳುವ ದನಿಯೇ ಅಲ್ಲ, ಬಸ್ ಲೇಟು ಅನ್ನೋ ಥರ.

ನನಗೆ ಮೈಯೆಲ್ಲ ಉರಿದುಹೋಯಿತು.

ಗಿರಿಜಮ್ಮ ಜಾವಳಿ ಕಡೆಯ ಒಂದು ಕಾಫಿ ಎಸ್ಟೇಟಲ್ಲಿ ಮದುವೆಯಾಗಿ ಬಂದಾಗಿನಿಂದ ಹಣ್ಣು ಕೊಯ್ದವರು. ವಾಸ ಲೈನ್ ಮನೆ. ನಮ್ಮ ಕಡೆ ಕೆಲಸದವರಿಗೆ ತೋಟದಲ್ಲೇ ಸಾಲಾಗಿ ಕಟ್ಟಿಕೊಡುವ ಮನೆಗಳು ನಿಮಗೆ ಗೊತ್ತಲ್ಲ? ಕೆಲಸ ಇದ್ದರೆ ಮನೆ. ಗಂಡ ತೀರಿಹೋದ, ಮಕ್ಕಳಿಲ್ಲ. ಆಮೇಲೆ ಮಂಡಿ ಹೋಯಿತು, ತೋಟದ ಏರು ಹತ್ತೋಕಾಗಲಿಲ್ಲ. ತೋಟದ ಲೆಕ್ಕ ನೋಡುವ ರೈಟರ್ ಬಂದು ಬಹಳ ಮರ್ಯಾದೆಯಿಂದ ಹೇಳಿದನಂತೆ, "ಹೊಸ ಕೆಲಸದವ್ರು ಬರ್ತಿದ್ದಾರೆ ಗಿರಿಜಮ್ಮ, ಮನೆ ಬೇಕಾಗ್ತದೆ." ಅಷ್ಟೇ. ಆಯುಷ್ಯವೆಲ್ಲ ಸಗಣಿ ಸಾರಿಸಿದ ನೆಲ ಒಂದು ಮಾತಿಗೆ ಬೇರೆಯವರದಾಯಿತು! ಮೊದಲು ಸರ್ಕಾರದ ಸೈಟು ಕೇಳಿದಾಗ, "ನಿಮಗೆ ಸಾಹುಕಾರ್ರು ಮನೆ ಕೊಟ್ಟಿದ್ದಾರಲ್ಲ" ಅಂತ ಯಾರೋ ವಾಪಸ್ ಕಳಿಸಿದ್ದರಂತೆ. ಈಗ ಯಾರನ್ನ ಕೇಳಬೇಕು?

"ಜಿಲ್ಲಾ ಕೇಂದ್ರದಲ್ಲಿ ನಿರಾಶ್ರಿತರಿಗೆ ಜಾಗ ಇರ್ತದೆ, ಅಲ್ಲಿಗೆ ಬಿಟ್ಟುಬನ್ನಿ" ಅಂತ ರಾತ್ರಿ ಮನೆಯಲ್ಲಿ ಹೆಂಡತಿ ಹೇಳಿದಳು. ಮಾರನೇ ದಿನ ಗಿರಿಜಮ್ಮನಿಗೆ ಅದನ್ನೇ ಹೇಳಿದೆ.

"ಅಲ್ಲಿ ನಂಗೆ ಯಾರು ಗೊತ್ತು ಅಣ್ಣ? ಇಲ್ಲಿ ಒಂದಿನ ಕಾಣದಿದ್ರೆ ಹೋಟೆಲಿನವ್ರು ಗಿರಿಜಮ್ಮ ಎಲ್ಲಿ ಅಂತಾದ್ರೂ ಕೇಳ್ತಾರೆ."

ಸರಿ, ಪೇಟೆಯಲ್ಲೇ ಒಂದು ರೂಮ್ ಹುಡುಕೋಣ ಅಂತ ಹೊರಟೆ. ಬಾಡಿಗೆಗೆ ನಾನೇ ಜವಾಬ್ದಾರಿ ಅಂತಲೂ ಹೇಳಿದೆ. ಹಿಂದುಗಡೆ ರೂಮ್ ಖಾಲಿ ಇಟ್ಟುಕೊಂಡ ಗೆಳೆಯನೊಬ್ಬ ಕಾಫಿ ಕೊಟ್ಟು ಉಪಚಾರ ಮಾಡಿದ. ಗಿರಿಜಮ್ಮನ ವಿಷಯ ಎತ್ತಿದ ಕೂಡಲೇ ಲೋಟ ಕೆಳಗಿಟ್ಟ.

"ಕೊಡಬಹುದು ಮಾರಾಯ. ಆದ್ರೆ ಒಂಟಿ ಮುದುಕಿ. ನಾಳೆ ರೂಮಲ್ಲೇ ಸತ್ರೆ? ಆಮೇಲೆ ಆ ಮನೆಗೆ ಯಾರು ಬರ್ತಾರೆ?"

ಇನ್ನೊಂದು ಕಡೆ ಹೋದೆ. ಅಲ್ಲೂ ಇದೇ. ಮತ್ತೊಂದು ಕಡೆ ಮನೆಯಾಕೆ ಒಪ್ಪಿದರು, ಪಕ್ಕದ ಮನೆಯವರು ಓಡಿಬಂದು ತಪ್ಪಿಸಿದರು. "ಸತ್ರೆ ಎತ್ತೋದು ಯಾರು?" ಅಂತ. ಅಲ್ಲ, ವಾರದ ಕೊನೆಗೆ ಹೋಮ್‌ಸ್ಟೇಗೆ ಬಂದು ಕುಡಿದು ಕುಣಿಯೋ ಹುಡುಗರಿಗೆ ನಾವು ಕೀ ಕೊಟ್ಟು ನಗುತ್ತೇವೆ. ಅವರೇನು ಅಮೃತ ಕುಡಿದು ಬಂದಿರ್ತಾರಾ?

ಸಂಜೆ ಬರಿಗೈಯಲ್ಲಿ ಬಸ್ ಸ್ಟ್ಯಾಂಡಿಗೆ ಹೋದೆ. ಬೆಂಚು ಆಗಲೇ ಒದ್ದೆ. ಗಿರಿಜಮ್ಮ ಅದೇ ಕಂಬದ ಹತ್ತಿರ ನಿಂತಿದ್ದರು.

"ಎಂತ ಅಂದ್ರು ಅಣ್ಣ?"

ಸುಳ್ಳು ಹೇಳಬೇಕು ಅಂದುಕೊಂಡೇ ಹೋಗಿದ್ದೆ. ಅವರ ಮುಖ ನೋಡಿದ ಮೇಲೆ ಆಗಲಿಲ್ಲ. ನಡೆದದ್ದನ್ನೇ ಹೇಳಿದೆ. ಗಿರಿಜಮ್ಮ ನಕ್ಕರು. ಆಮೇಲೆ ನಿಜವಾಗಿಯೂ ಯೋಚನೆ ಮಾಡಿ, ಒಂದು ದಾರಿ ಸಿಕ್ಕಿತು ಅನ್ನೋ ಹಾಗೆ ಹೇಳಿದರು.

"ಸಾಯೋ ಹಾಗಾದ್ರೆ ಮೊದ್ಲೇ ಎದ್ದು ಇಲ್ಲಿಗೆ ಬಂದ್ಬಿಡ್ತೀನಿ ಅಂತ ಹೇಳಿ ಅಣ್ಣ. ಮಲಗೋಕೆ ಮಾತ್ರ ಅವ್ರ ರೂಮು."

ಈ ಮಾತನ್ನ ಆ ಗೆಳೆಯನಿಗೆ ಹೇಗೆ ಹೇಳಲಿ? ಹೇಳಿದರೆ ಅವನು "ಹಾಗಾದ್ರೆ ಆಗ್ಬಹುದು" ಅಂದುಬಿಟ್ಟಾನು ಅನ್ನೋದೇ ನನ್ನ ಭಯ. ಇವತ್ತಿಗೂ ಗಿರಿಜಮ್ಮನಿಗೆ ರೂಮ್ ಸಿಕ್ಕಿಲ್ಲ. ಪೇಟೆಯಲ್ಲಿ ಖಾಲಿ ರೂಮುಗಳು ಖಾಲಿಯೇ ಇವೆ, ಬಾಗಿಲಿಗೆ 'ಬಾಡಿಗೆಗಿದೆ' ಅನ್ನೋ ಬೋರ್ಡೂ ಇದೆ. ಆ ಬೋರ್ಡು ಹಾಕಿದವರನ್ನ ನಾನು ಕೇಳೋದು ಇಷ್ಟೇ.

ಸ್ವಾಮಿ, ನಿಮ್ಮ ಮನೆಗಳಲ್ಲಿ ಯಾರೂ ಸಾಯೋದೇ ಇಲ್ವಾ?