ಚನ್ನಗಿರಿಯ ಬಾನೆಟ್ ಸೀಟು

ಚನ್ನಗಿರಿಗೆ ಬಂದ ನಾಲ್ಕನೆಯ ದಿನ ನನ್ನನ್ನು ಓಡುವ ಬಸ್ಸಿನ ಎಂಜಿನ್ ಮೇಲೆ ಕೂರಿಸಿದರು. ತಮಾಷೆಗಲ್ಲ. ಹಿಂದಿನ ದಿನ ಆ ಬಸ್ಸಿನ ಬ್ರೇಕ್ ಬಿಚ್ಚಿ ಕಟ್ಟುವಾಗ ನಾನೂ ಕೈ ಹಾಕಿದ್ದೆ. ಆ ತಪ್ಪಿಗೆ ಡ್ರೈವರನ ಪಕ್ಕದಲ್ಲಿ, ಎಂಜಿನ್ನಿಗೆ ಮುಚ್ಚಿದ ತಗಡಿನ ಬಾನೆಟ್ ಮೇಲೆ ಗೋಣಿಚೀಲ ಹಾಸಿಕೊಂಡು ಹೊನ್ನಾಳಿಯವರೆಗೆ ಹೋಗಿ ಬರಬೇಕಿತ್ತು. ಬ್ರೇಕ್ ಕಟ್ಟಿದವರು ಮೊದಲ ಟ್ರಿಪ್ಪಿನಲ್ಲಿ ಅಲ್ಲೇ ಕೂರಬೇಕು, ಅದು ಇಲ್ಲಿನ ಕಟ್ಟಳೆ. ನಮ್ಮ ಕುಂದಾಪುರದ ಕಡೆ ಮೆಕ್ಯಾನಿಕ್ ಕೆಲಸ ಮುಗಿಸಿ, ಕೈ ಒರೆಸಿಕೊಂಡು ಚಾ ಕುಡಿಯಲು ಹೋಗುತ್ತಾನೆ. ಬಸ್ಸು ಹೋಯಿತೋ ನಿಂತಿತೋ ಅವನಿಗೆ ಬೇಕಿಲ್ಲ. ಇದೆಂಥ ಮೂಢನಂಬಿಕೆ ಎಂದು ನಾನು ನಕ್ಕೆ. ಹೊನ್ನಾಳಿ ಬರುವಷ್ಟರಲ್ಲಿ ಕೆಳಗಿನ ಕಾವಿಗೆ ಬೆಂದು ನಗು ನಿಂತಿತ್ತು.

ಇಲ್ಲಿಗೆ ಹೇಗೆ ಬಂದು ಬಿದ್ದೆ ಎಂದು ನಮ್ಮೂರಿನಲ್ಲಿ ಹಲವರು ಕೇಳಿದ್ದಾರಂತೆ. ನಾನು ಓದುತ್ತಿರುವುದು ಎಂಜಿನಿಯರಿಂಗಿನ ಸ್ನಾತಕೋತ್ತರ ತರಗತಿ. ಕೊನೆಯ ಆರು ತಿಂಗಳು ಯಾವುದಾದರೂ ಕೈಗಾರಿಕೆಯಲ್ಲಿ ತರಬೇತಿ ಪಡೆಯಬೇಕು, ದಿನದಿನದ ಕೆಲಸವನ್ನು ಒಂದು ಪುಸ್ತಕದಲ್ಲಿ ಬರೆಯಬೇಕು, ಕೊನೆಗೆ ಮಾಲೀಕರ ಸಹಿ ಬೇಕು. ಆ ಸಹಿ ಇಲ್ಲದೆ ಡಿಗ್ರಿ ಇಲ್ಲ. ಜೊತೆಯವರು ಪುಣೆ, ಮದ್ರಾಸು ಅಂತ ದೊಡ್ಡ ದೊಡ್ಡ ಕಾರ್ಖಾನೆ ಸೇರಿಕೊಂಡರು. ನಾನು ಬರೆದ ಕಾಗದಗಳಿಗೆ ಉತ್ತರವೇ ಬರಲಿಲ್ಲ. ಕೊನೆಗೆ ಮೇಷ್ಟ್ರೊಬ್ಬರು ತಮ್ಮ ಪರಿಚಯದ ಖಾಸಗಿ ಬಸ್ ಮಾಲೀಕರಿಗೆ ಹೇಳಿ ನನ್ನನ್ನು ಇಲ್ಲಿಗೆ ತಳ್ಳಿದರು. ಸಾಲಾಗಿ ನಿಂತ ಬಸ್ಸುಗಳು, ಒಂದು ಲೇತ್ ಮಷೀನು, ತಗಡಿನ ಮಾಡು, ಇಷ್ಟೇ ನನ್ನ ಕೈಗಾರಿಕೆ.

ಮಾಲೀಕರು ಮಹೇಶ್ವರಪ್ಪನವರು, ಎಲ್ಲರ ಬಾಯಲ್ಲಿ ಸಾಹುಕಾರ್ರು. ಹಣೆ ತುಂಬ ವಿಭೂತಿ, ಮೆಲುಮಾತು. ಮೊದಲ ದಿನವೇ ನನ್ನ ಮಾರ್ಕ್ಸ್‌ಕಾರ್ಡುಗಳ ಅಸಲು ಪ್ರತಿಗಳನ್ನು ಕೇಳಿ ಪಡೆದು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಅರ್ಧಕ್ಕೇ ಬಿಟ್ಟು ಓಡಿಹೋಗುವ ಹುಡುಗರನ್ನು ಬೇಕಾದಷ್ಟು ಕಂಡಿದ್ದೇನೆ ಎಂದರು. ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡು, ಊಟ ಆಯಿತೇ ಎಂದು ತುಂಬ ಪ್ರೀತಿಯಿಂದ ವಿಚಾರಿಸಿದರು.

ಓಡಿಹೋಗಲು ನಾನೂ ಒಮ್ಮೆ ನೋಡಿದೆ. ನಮ್ಮ ವರ್ಕ್‌ಷಾಪಿನ ಅಂಗಳದಿಂದಲೇ ದಿನಕ್ಕೆ ಮೂರು ಬಸ್ಸು ಶಿವಮೊಗ್ಗಕ್ಕೆ ಹೊರಡುತ್ತವೆ. ಶಿವಮೊಗ್ಗ ಮುಟ್ಟಿದರೆ ಘಾಟಿ ಇಳಿಯುವ ಬಸ್ಸು, ಬೆಳಿಗ್ಗೆ ಹೊರಟವನು ಸಂಜೆಗೆ ಸಮುದ್ರ ನೋಡಬಹುದು. ಎರಡನೆಯ ತಿಂಗಳಲ್ಲಿ ಒಂದು ದಿನ ಕೈಚೀಲ ಹಿಡಿದು ಹತ್ತಿ ಕೂತೇಬಿಟ್ಟೆ. ಕಂಡಕ್ಟರು ಬಂದು, ಸಾಹುಕಾರ್ರಿಗೆ ಹೇಳಿದ್ದೀರಾ ಎಂದು ಕೇಳಿದ. ಇಲ್ಲ ಎಂದೆ. ಅವನು ಸೀಟಿ ಊದಿ ಬಸ್ಸು ನಿಲ್ಲಿಸಿ, ನನ್ನ ಚೀಲವನ್ನು ತಾನೇ ಹೊತ್ತು ಇಳಿಸಿ, ಬೇಜಾರು ಮಾಡಿಕೊಳ್ಳಬೇಡಿ ಎಂದು ಕೈ ಮುಗಿದ. ಜೈಲಿನಲ್ಲಾದರೆ ಕಾವಲಿನವರನ್ನು ಬೈಯಬಹುದು. ಇಲ್ಲಿ ಎಲ್ಲರೂ ಒಳ್ಳೆಯವರು, ಹಾಗಾಗಿ ಬೈಯಲಿಕ್ಕೂ ಯಾರೂ ಸಿಗುತ್ತಿರಲಿಲ್ಲ.

ನನ್ನ ಕೋಣೆ ಗೌರಮ್ಮನವರ ಮನೆಯ ಹಿತ್ತಿಲಿನಲ್ಲಿದೆ. ಅವರದು ಲಿಂಗಪೂಜೆ ಆಗದೆ ನೀರೂ ಕುಡಿಯದ ಮನೆತನ. ಸಮುದ್ರದ ಕಡೆಯವನು ಎಂದು ಗೊತ್ತಾದ ಕೂಡಲೇ ಅವರು ಕೇಳಿದ ಮೊದಲ ಪ್ರಶ್ನೆ ಮೀನಿನದು. ತಿನ್ನುತ್ತೇನೆ, ಆದರೆ ಇಲ್ಲಿ ತಿನ್ನುವುದಿಲ್ಲ ಎಂದು ಮಾತು ಕೊಟ್ಟೆ. ಕುಚ್ಚಲಕ್ಕಿಯ ಗಂಜಿ, ಮೀನು ಸಾರು ಬಿಟ್ಟು ಬದುಕಬಹುದೆಂದು ನನಗೇ ಗೊತ್ತಿರಲಿಲ್ಲ. ಇಲ್ಲಿ ಜೋಳದ ರೊಟ್ಟಿ, ಗುರೆಳ್ಳಿನ ಚಟ್ನಿಪುಡಿ, ಸಂಜೆಗೆ ಮಂಡಕ್ಕಿ ಮೆಣಸಿನಕಾಯಿ. ಮಂಡಕ್ಕಿ ಎಂದರೆ ನಮ್ಮ ಚರುಮುರಿಯೇ, ಮೆಣಸಿನಕಾಯಿ ಎಂದರೆ ಬಜ್ಜಿ. ಊರಿನಿಂದ ಅಮ್ಮ ಕಳಿಸಿದ ಒಣ ಸಿಗಡಿಯ ಚಟ್ನಿಯನ್ನು ಕೋಣೆಯಲ್ಲಿ ಬಿಚ್ಚುವ ಧೈರ್ಯವಾಗದೆ ವರ್ಕ್‌ಷಾಪಿಗೆ ಒಯ್ದೆ. ಅಲ್ಲಿನ ಹಿರಿಯ ಮೇಸ್ತ್ರಿ ಖಾದರ್ ಸಾಬರು ಅದನ್ನು ರೊಟ್ಟಿಯ ಮೇಲೆ ಉದುರಿಸಿಕೊಂಡು ಕಣ್ಣು ಮುಚ್ಚಿ ತಿಂದರು. ಅವತ್ತಿನಿಂದ ನಮ್ಮಿಬ್ಬರ ಬುತ್ತಿ ಒಂದೇ ಆಯಿತು.

ಖಾದರ್ ಸಾಬರು ಶಾಲೆ ನೋಡಿದವರಲ್ಲ. ಎಂಜಿನ್ನಿನ ಸದ್ದು ಕೇಳಿ ಯಾವ ಸಿಲಿಂಡರು ಸೋಮಾರಿತನ ಮಾಡುತ್ತಿದೆ ಎಂದು ಹೇಳುತ್ತಾರೆ. ಅವರ ಮುಂದೆ ನನ್ನ ಓದನ್ನು ತೋರಿಸಲು ಡಿಸೆಂಬರಿನಲ್ಲಿ ನನಗೊಂದು ಅವಕಾಶ ಸಿಕ್ಕಿತು. ಚಕ್ರದೊಳಗೆ ಬ್ರೇಕ್ ಡ್ರಮ್ ಎಂಬ ಕಬ್ಬಿಣದ ದೊಡ್ಡ ಬೋಗುಣಿ ಇರುತ್ತದೆ. ಬ್ರೇಕ್ ಒತ್ತಿದಾಗ ಲೈನಿಂಗ್ ಎಂಬ ಪಟ್ಟಿ ಒಳಗಿನಿಂದ ಉಜ್ಜಿ ಉಜ್ಜಿ ಅದರಲ್ಲಿ ಗೆರೆ ಬೀಳುತ್ತದೆ. ಲೇತಿಗೆ ಹಾಕಿ ತೆಳ್ಳಗೆ ಕೊರೆದರೆ ಮತ್ತೆ ನುಣುಪಾಗುತ್ತದೆ. ಹೊಸದು ತರಿಸುವ ಬದಲು ಹಳೆಯ ಎಂಟು ಡ್ರಮ್ಮುಗಳನ್ನು ನಾನೇ ಕೊರೆದೆ. ಇಷ್ಟು ಸಾಕು, ಒಂದೆರಡು ಗೆರೆ ಉಳಿದರೂ ಪರವಾಗಿಲ್ಲ ಎಂದು ಖಾದರ್ ಸಾಬರು ಎರಡು ಸಲ ಹೇಳಿದರು. ಪುಸ್ತಕದಲ್ಲಿ ಓದಿದವನು ನಾನು, ಗೆರೆ ಬಿಡುತ್ತೇನೆಯೇ? ಮುಖ ಕಾಣುವ ಹಾಗೆ ಕೊರೆದೆ. ಸಾಹುಕಾರ್ರು ಬಂದು ಬೆರಳಾಡಿಸಿ ಭೇಷ್ ಎಂದರು. ತರಬೇತಿ ಪುಸ್ತಕದಲ್ಲಿ ಎರಡು ಪುಟ ಇದನ್ನೇ ಬರೆದೆ.

ಫೆಬ್ರವರಿಯ ಹೊತ್ತಿಗೆ ಭಾಷೆಯೂ ಒಂದಿಷ್ಟು ಬಾಯಿಗೆ ಹತ್ತಿತ್ತು. ಇದೆ ಎನ್ನುವಲ್ಲಿ ಐತೆ ಎಂದರೆ ಅಂಗಡಿಯವರು ನಗುವುದನ್ನು ಬಿಟ್ಟಿದ್ದರು. ನನಗೋ ತಿಂಗಳು ಮುಗಿಯುವುದೇ ಬೇಕಿತ್ತು. ಆಗಲೇ ಸೂರಗೊಂಡನಕೊಪ್ಪದ ವಿಶೇಷ ಟ್ರಿಪ್ಪು ಬಂತು. ಬಂಜಾರರ ಗುರು ಸೇವಾಲಾಲರ ಜನ್ಮಸ್ಥಳ ಅದು. ಸುತ್ತಲಿನ ತಾಂಡಾಗಳ ಬಂಜಾರ ಜನ ವರ್ಷಕ್ಕೊಮ್ಮೆ ಅವರ ಜಯಂತಿಗೆ ಅಲ್ಲಿಗೆ ಹೊರಡುತ್ತಾರೆ. ಒಂದು ತಾಂಡಾದವರಿಗೆ ಬಸ್ಸು ಕೊಡುತ್ತೇನೆಂದು ಸಾಹುಕಾರ್ರು ಮಾತು ಕೊಟ್ಟಿದ್ದರು. ಆ ಬಸ್ಸಿನ ಚಕ್ರ ಬಿಚ್ಚಿ ಖಾದರ್ ಸಾಬರು ಬ್ರೇಕಿಗೆ ಹೊಸ ಲೈನಿಂಗ್ ಹಾಕುತ್ತಿದ್ದಾಗ, ಕೈ ಖಾಲಿ ಇದ್ದ ನಾನು ಮುಂದಿನ ಎಡ ಡ್ರಮ್ಮಿನ ಅಳತೆ ತೆಗೆದೆ. ನಂಬಿಕೆಯಾಗದೆ ಮತ್ತೆ ತೆಗೆದೆ. ಡ್ರಮ್ಮು ಮಿತಿ ಮೀರಿ ತೆಳ್ಳಗಾಗಿತ್ತು. ಒರೆಸಿ ನೋಡಿದರೆ ಕೂದಲೆಳೆಯಂಥ ಬಿರುಕುಗಳು. ಡಿಸೆಂಬರಿನಲ್ಲಿ ನಾನು ಕೊರೆದ ಎಂಟರಲ್ಲಿ ಅದೂ ಒಂದು. ಇಳಿಜಾರಿನಲ್ಲಿ ಕಾದರೆ ಒಡೆಯಬಹುದು, ಒಡೆದರೆ ಬಸ್ಸು ನಿಲ್ಲುವುದಿಲ್ಲ.

ಸಾಹುಕಾರ್ರಿಗೆ ಹೇಳಿದೆ. ಅವರು ಸಿಟ್ಟಾಗಲಿಲ್ಲ. ಡಿಸೆಂಬರಿನಲ್ಲಿ ಸರಿಯಿದೆ ಎಂದವರೂ ನೀವೇ, ಈಗ ಇಲ್ಲ ಎನ್ನುವವರೂ ನೀವೇ ಎಂದರು. ಹೊಸ ಡ್ರಮ್ಮು ದಾವಣಗೆರೆಯಿಂದ ಬರಲು ಎರಡು ದಿನ ಬೇಕು, ಬೇರೆ ಬಸ್ಸೂ ಖಾಲಿಯಿಲ್ಲ, ಬೆಳಗಾದರೆ ತಾಂಡಾದವರು ಬಂದು ನಿಲ್ಲುತ್ತಾರೆ. ಆಮೇಲೆ ಬೀರು ತೆಗೆದು ನನ್ನ ಮಾರ್ಕ್ಸ್‌ಕಾರ್ಡುಗಳನ್ನು ಮೇಜಿನ ಮೇಲಿಟ್ಟರು.

"ಒಂದು ಟ್ರಿಪ್ಪಿಗೆ ಏನೂ ಆಗಾಕಿಲ್ಲ. ರಿಜಿಸ್ಟರ್‌ನಾಗೆ ಸರಿ ಐತೆ ಅಂತ ಬರೀರಿ. ನಿಮ್ಮ ಪುಸ್ತಕಕ್ಕೆ ಈಗ್ಲೇ ಸಹಿ ಹಾಕ್ತೀನಿ, ನಾಳೆ ಬೆಳಿಗ್ಗೆನೇ ಊರಿಗೆ ಹೋಗ್ರಿ."

ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಬಸ್ಸುಗಳ ತಪಾಸಣೆಯ ರಿಜಿಸ್ಟರಿನಲ್ಲಿ ಸರಿಯಿದೆ ಎಂದು ಬರೆದು ನಾನು ಸಹಿ ಮಾಡಿದೆ, ಅವರೂ ನನ್ನ ಪುಸ್ತಕಕ್ಕೆ ಸಹಿ ಹಾಕಿ ಮಾರ್ಕ್ಸ್‌ಕಾರ್ಡು ಕೊಟ್ಟರು. ಐದೂವರೆ ತಿಂಗಳಿಂದ ಎದೆಯ ಮೇಲಿದ್ದ ಭಾರ ಇಳಿದಂತಾಯಿತು. ಒಂದು ಟ್ರಿಪ್ಪಿಗೆ ಏನಾದೀತು ಎಂದು ನನಗೆ ನಾನೇ ಹೇಳಿಕೊಂಡೆ. ತಪ್ಪು ಒಪ್ಪಿಕೊಂಡರೆ ತರಬೇತಿ ಪುಸ್ತಕದ ಆ ಎರಡು ಪುಟಗಳೂ ಸುಳ್ಳಾಗುತ್ತಿದ್ದವು ಎಂಬುದೂ ಮನಸ್ಸಿನಲ್ಲಿತ್ತು. ಗೌರಮ್ಮನವರು ದಾರಿಗೆಂದು ರೊಟ್ಟಿ ಕಟ್ಟಿಕೊಟ್ಟರು.

ಬೆಳಿಗ್ಗೆ ಶಿವಮೊಗ್ಗದ ಬಸ್ಸಿಗೆಂದು ಟ್ರಂಕು ಹಿಡಿದು ಅಂಗಳಕ್ಕೆ ಬಂದೆ. ಯಾತ್ರೆಯ ಬಸ್ಸು ಹೊರಡಲು ತಯಾರಾಗಿ ನಿಂತಿತ್ತು. ಕನ್ನಡಿ ಚೂರುಗಳ ರವಿಕೆ ತೊಟ್ಟ ಒಬ್ಬ ಮುದುಕಿ ಎಲ್ಲರಿಗಿಂತ ಮೊದಲು ಹತ್ತಿ ಮುಂದಿನ ಸೀಟು ಹಿಡಿದಿದ್ದಳು. ಬಾನೆಟ್ ಮೇಲೆ, ಬುತ್ತಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಖಾದರ್ ಸಾಬರು ಕೂತಿದ್ದರು.

ಬಿರುಕನ್ನು ಅವರಿಗೇ ಮೊದಲು ತೋರಿಸಿದ್ದೆ. ಕಿಟಕಿಯ ಬಳಿ ಹೋಗಿ ಇಳಿಯಿರಿ ಎಂದೆ.

"ಹೆಂಗೆ ಇಳಿಯಾಕೆ ಬರ್ತದ್ರಿ?" ಎಂದರು ಖಾದರ್ ಸಾಬರು. "ಚಕ್ರ ಕಟ್ಟಿದೋನು ನಾನು."

"ಡ್ರಮ್ ಹೇಗಿದೆ ಅಂತ ನಿಮಗೆ ಗೊತ್ತಲ್ಲ."

"ಗೊತ್ತೈತೆ. ಸಾಹುಕಾರ್ರು ಹಾಕು ಅಂದ್ರು, ನೀವು ಸರಿ ಐತೆ ಅಂತ ಬರೆದ್ರಿ, ನಾನು ಕಟ್ಟಿದೆ. ನೀವು ಹೋಗ್ರಿ, ನಿಮ್ಮ ಬಸ್ಸಿಗೆ ಹೊತ್ತಾಗ್ತದೆ."

ಚುಚ್ಚಿ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ನಿಜವಾಗಿಯೂ ನನಗೆ ಬಸ್ಸು ತಪ್ಪೀತು ಎಂದು ಹೇಳಿದ್ದರು. ನಾನು ಟ್ರಂಕನ್ನು ಅಲ್ಲೇ ಬಿಟ್ಟು ಆಫೀಸಿಗೆ ಹೋದೆ. ರಿಜಿಸ್ಟರ್ ತೆಗೆದು ನಿನ್ನೆಯ ಸಾಲನ್ನು ಹೊಡೆದುಹಾಕಿ, ಡ್ರಮ್ ಬಿರುಕು ಬಿಟ್ಟಿದೆ, ಕೊರೆದವನು ನಾನೇ, ಈ ಬಸ್ಸು ಓಡಿಸಬಾರದು ಎಂದು ಬರೆದೆ. ಡ್ರೈವರ್ ತಿಪ್ಪೇಸ್ವಾಮಿಗೆ ಓದಿ ಹೇಳಿದೆ. ಅವನು ಜಗಳೂರಿನವನು, ಮಾತು ಕಡಿಮೆ. ಕೀಲಿ ತೆಗೆದು ನನ್ನ ಕೈಗಿಟ್ಟು ಕೆಳಗಿಳಿದ.

ಸಾಹುಕಾರ್ರು ಬಂದು ರಿಜಿಸ್ಟರ್ ಓದಿದರು. ನನ್ನ ತರಬೇತಿ ಪುಸ್ತಕ ಕೇಳಿ ತೆಗೆದುಕೊಂಡು, ತಮ್ಮ ಸಹಿಯ ಮೇಲೆ ಎರಡು ಗೆರೆ ಎಳೆದರು. ಮಾರ್ಕ್ಸ್‌ಕಾರ್ಡುಗಳನ್ನು ಮಾತ್ರ ವಾಪಸು ಕೇಳಲಿಲ್ಲ.

"ಇವು ನಿಮ್ಮವು, ನೀವೇ ಇಟ್ಕೊಳ್ರಿ. ಇನ್ನು ಇರೋದು ಹೋಗೋದು ನಿಮಗೆ ಬಿಟ್ಟಿದ್ದು. ಈ ಜನಕ್ಕೆ ಮಾತ್ರ ನೀವೇ ಹೇಳ್ರಿ."

ಹೇಳಿದೆ. ಬಸ್ಸು ಕೆಟ್ಟಿದೆ ಎಂದು ಮಾತ್ರ ಹೇಳಿದೆ. ಕೆಲವರು ಬೇರೆ ಬಸ್ಸು ಹುಡುಕಿಕೊಂಡು ಹೋದರು, ಬಹಳ ಜನ ತಾಂಡಾಕ್ಕೆ ಮರಳಿದರು. ಮುದುಕಿ ಸೀಟು ಬಿಟ್ಟು ಇಳಿಯಲು ಎಷ್ಟೋ ಹೊತ್ತು ಒಪ್ಪಲಿಲ್ಲ.

ಮೂರನೆಯ ದಿನ ಹೊಸ ಡ್ರಮ್ಮು ಬಂತು. ನಾನೇ ಕಟ್ಟಿದೆ, ಖಾದರ್ ಸಾಬರು ಪಕ್ಕದಲ್ಲಿ ಕೂತು ನೋಡಿದರು, ಕೈ ಹಾಕಲಿಲ್ಲ. ಬಾನೆಟ್ ಮೇಲೆ ಕೂರಲು ನನಗೆ ಯಾರೂ ಹೇಳಬೇಕಾಗಲಿಲ್ಲ. ತಾಂಡಾದಿಂದ ಅರ್ಧ ಬಸ್ಸು ಜನ ಬಂದರು. ಅದೇ ಮುದುಕಿ ಬಂದು ಅದೇ ಸೀಟಿನಲ್ಲಿ ಕೂತಳು. ಹೊನ್ನಾಳಿ ದಾಟಿ ನ್ಯಾಮತಿ ಬರುವವರೆಗೂ ನನ್ನನ್ನು ಬೈದಳು. ಮುಖ್ಯವಾದ ದಿನವೇ ತಪ್ಪಿಹೋಯಿತು, ಮುಂದಿನ ವರ್ಷ ತಾನು ಇರುತ್ತೇನೋ ಇಲ್ಲವೋ, ಒಂದು ಬಸ್ಸು ರಿಪೇರಿ ಮಾಡಾಕೆ ಬರದ ನೀನೆಂಥ ಇಂಜಿನಿಯರ್ರು ಎಂದಳು. ಅವಳ ಮಾತು ಸುಳ್ಳಾಗಿರಲಿಲ್ಲ. ತಪ್ಪಾಯಿತು ಅಜ್ಜಿ ಎಂದೆ. ನಿಮ್ಮ ಜೀವ ಉಳಿಯಲೆಂದೇ ಬಸ್ಸು ನಿಲ್ಲಿಸಿದೆ ಎಂದು ಹೇಳಿ ಒಳ್ಳೆಯವನಾಗಲು ನಾಲಿಗೆ ತುದಿಯವರೆಗೆ ಬಂದಿತ್ತು, ನುಂಗಿಕೊಂಡೆ. ಸೂರಗೊಂಡನಕೊಪ್ಪದಲ್ಲಿ ಇಳಿಯುವಾಗ ಮಾತ್ರ ಅವಳು ನನ್ನ ಹೆಗಲು ಹಿಡಿದೇ ಇಳಿದಳು.

ಅವರನ್ನು ಇಳಿಸಿ ಡೀಸೆಲಿಗೆಂದು ನ್ಯಾಮತಿಗೆ ವಾಪಸು ಬಂದೆವು. ಎದುರಿಗೇ ಶಿವಮೊಗ್ಗದ ಬಸ್ಸು ನಿಂತಿತ್ತು. ನಮ್ಮ ಕಂಪನಿಯದಲ್ಲ, ಅಲ್ಲಿ ನನ್ನನ್ನು ಬಲ್ಲವರಿಲ್ಲ. ಮಾರ್ಕ್ಸ್‌ಕಾರ್ಡು ಚೀಲದಲ್ಲೇ ಇತ್ತು, ಕಿಟಕಿಯ ಪಕ್ಕದ ಸೀಟು ಖಾಲಿಯಿತ್ತು. ಹೋಗುತ್ತೀರೇನು ಎಂದು ತಿಪ್ಪೇಸ್ವಾಮಿ ಕೇಳಿದ. ನಾನು ಬಗ್ಗಿ ಎಡಚಕ್ರದೊಳಗೆ ಕೈಯಿಟ್ಟು ಡ್ರಮ್ಮು ಮುಟ್ಟಿ ನೋಡಿದೆ. ಬೆಚ್ಚಗಿತ್ತು, ಅಷ್ಟೆ. ಶಿವಮೊಗ್ಗದ ಬಸ್ಸು ಹೊರಟು ಹೋಯಿತು. ನನಗೆ ಅಳು ಬಂತು, ಅದನ್ನೂ ಮುಚ್ಚಿಡುವುದಿಲ್ಲ.

ಇದಾಗಿ ಮೂರು ವಾರವಾಯಿತು. ಸಾಹುಕಾರ್ರು ಸಹಿ ಹಾಕಿಲ್ಲ, ನಾನು ಕೇಳಿಯೂ ಇಲ್ಲ. ಈಗ ನನಗೆ ಬೀಗವಿಲ್ಲ, ಕಾವಲಿಲ್ಲ. ಅಮ್ಮ ಪ್ರತಿ ಕಾಗದದಲ್ಲೂ ಬಂದುಬಿಡು, ಡಿಗ್ರಿ ಮುಂದಿನ ವರ್ಷವಾದರೂ ಆದೀತು ಎಂದು ಬರೆಸುತ್ತಾಳೆ. ಕಡಲ ಗಾಳಿ ನೆನೆದರೆ ಈಗಲೇ ಎದ್ದು ಹೋಗಬೇಕೆನಿಸುತ್ತದೆ. ಆದರೆ ನಾನು ಕೊರೆದ ಇನ್ನೂ ಏಳು ಡ್ರಮ್ಮುಗಳು ಈ ರಸ್ತೆಗಳ ಮೇಲೆ ತಿರುಗುತ್ತಿವೆ. ಬಸ್ಸು ಬಿಡುವಾದ ಹಾಗೆ ಒಂದೊಂದೇ ಚಕ್ರ ಬಿಚ್ಚಿ ಅಳೆಯುತ್ತಿದ್ದೇನೆ. ಮೂರು ಸರಿಯಿದ್ದವು, ಒಂದನ್ನು ಗುಜರಿಗೆ ಹಾಕಿದೆ. ಉಳಿದ ಮೂರರಲ್ಲಿ ಒಂದು, ಈ ಸಾಲು ಬರೆಯುತ್ತಿರುವ ಹೊತ್ತಿನಲ್ಲಿ, ಜನ ತುಂಬಿಕೊಂಡು ಜಗಳೂರಿನ ದಾರಿಯಲ್ಲಿದೆ. ಅದು ಬಂದು ಅಂಗಳದಲ್ಲಿ ನಿಲ್ಲುವವರೆಗೂ ನಾನು ಯಾವ ಊರಿನವನೂ ಅಲ್ಲ.